ಮೋಟಾರು ನಗಾರಿಯವರಿಗೆ ಒಂದು ಬಹಿರಂಗ ಪತ್ರ

ಪೆದ್ದಕಡುಬೂರು, ಬುಧವಾರ

ಮಹಾರಾಜಶ್ರೀ ಮೋಟಾರು ನಗಾರಿಯವರ ಸನ್ನಿಧಾನಕ್ಕೆ, ಆದವಾನಿ ಸೀಮೆಯ ಒಬ್ಬ ಶ್ರೋತೃವಿನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಕರೆಂಟು ಇರುವತನಕ ತಾವು ಕ್ಷೇಮವಾಗಿರುತ್ತೀರೆಂದು ಬಲ್ಲೆ.

ಮೊದಲು ತಮ್ಮ ವಿದ್ವತ್ತಿಗೆ ಒಂದು ಶರಣು. ಒಂದು ನಗಾರಿ, ಎರಡು ಕೋಲು, ಒಂದು ಜಾಗಟೆ, ಸಾಲಾಗಿ ಗಂಟೆಗಳು, ಹಿಂದೆ ಒಂದು ಮೋಟಾರು. ಪೂಜಾರಪ್ಪ ಎಡಗೈಯಲ್ಲಿ ಸ್ವಿಚ್ಚು ಒತ್ತಿ ಬಲಗೈಯಲ್ಲಿ ಆರತಿ ಎತ್ತಿದರೆ ಕಚೇರಿ ಶುರು. ತಮಗೆ ಸೂತಕವಿಲ್ಲ, ಜ್ವರವಿಲ್ಲ, ಪಕ್ಕದೂರಿನ ಮದುವೆಯ ವೀಳ್ಯವಿಲ್ಲ. ತಾಳ ಒಂದೇ ಆದರೂ ಲಯಜ್ಞಾನ ಅಪಾರ: ವೋಲ್ಟೇಜು ಇಳಿದರೆ ವಿಳಂಬ, ಏರಿದರೆ ದ್ರುತ. ಹನುಮಪ್ಪನಿಗೂ ಈರಣ್ಣನಿಗೂ ಎಲ್ಲಮ್ಮನಿಗೂ, ಹಬ್ಬಕ್ಕೂ ಅಮಾವಾಸ್ಯೆಗೂ ತಾವು ನುಡಿಸುವುದು ಒಂದೇ ಕೃತಿ. ಇಷ್ಟು ಸಮಾನತೆ ಯಾವ ವಿದ್ವಾಂಸನಿಂದ ಸಾಧ್ಯ?

ತಾವು ಬರುವುದಕ್ಕೆ ಮುಂಚೆ ನಮ್ಮ ಕಡೆಯ ಗುಡಿಗಳಲ್ಲಿ ಒಂದು ಅನಾಗರಿಕ ಪದ್ಧತಿ ಇತ್ತು. ಸೋಮವಾರವೋ ಬುಧವಾರವೋ ಎಂದು ನೋಡದೆ ಭಜಂತ್ರಿಯವರು ಬಂದು ಸನಾದಿ ಊದುತ್ತಿದ್ದರು, ಡೋಲು ಬಾರಿಸುತ್ತಿದ್ದರು. ಕರಪತ್ರವಿಲ್ಲ, ಮುಖ್ಯ ಅತಿಥಿಯಿಲ್ಲ, ಶಾಲು ಹೊದಿಸುವ ಕಾರ್ಯಕ್ರಮವಿಲ್ಲ. ಟಿಕೆಟ್ಟಂತೂ ಇಲ್ಲವೇ ಇಲ್ಲ. ದೊಡ್ಡ ಕ್ಷೇತ್ರಗಳಲ್ಲಿ ಇದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ: ಬೆಳಗಿಗೆ ಭೂಪಾಳ, ಬಿಲಹರಿ, ಉತ್ಸವಮೂರ್ತಿ ಹೊರಟರೆ ಮಲ್ಲಾರಿ, ದೇವರನ್ನು ಮಲಗಿಸುವ ಹೊತ್ತಿಗೆ ನೀಲಾಂಬರಿ. ನಮ್ಮ ಹಳ್ಳಿಗಳಲ್ಲಿ ಅಷ್ಟು ಶಾಸ್ತ್ರ ಇರಲಿಲ್ಲ ಅನ್ನಿ. ಆದರೂ ಬೆಳಗಿನದನ್ನು ರಾತ್ರಿ ಊದುವಷ್ಟು ಅಜ್ಞಾನವೂ ಇರಲಿಲ್ಲ. ಹತ್ತಿ ಬಿಡಿಸಲು ಹೊರಟ ಹೆಂಗಸರು, ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗರು ದುಡ್ಡು ಕೊಡದೆ ಸಂಗೀತ ಕೇಳಿ ಕೆಟ್ಟುಹೋಗುತ್ತಿದ್ದರು. ರಾಗದ ಹೆಸರು ಅವರಿಗೆ ತಿಳಿಯದು. ಅಪಸ್ವರ ಬಂದರೆ ಮಾತ್ರ ತಿರುಗಿ ನೋಡುತ್ತಿದ್ದರು. ಆ ತೊಂದರೆಯನ್ನೂ ತಾವು ತಪ್ಪಿಸಿದಿರಿ. ತಮ್ಮಲ್ಲಿ ಸ್ವರವೇ ಇಲ್ಲವಾದ್ದರಿಂದ ಅಪಸ್ವರದ ಭಯವೂ ಇಲ್ಲ.

ಈ ಅನಾಗರಿಕತೆ ಇನ್ನೂ ಉಳಿದಿರುವ ಊರುಗಳಿವೆ. ಲಂಡನ್ನಿನ ನಟ್ಟನಡುವೆ, ಟ್ರಫಾಲ್ಗರ್ ಚೌಕದಲ್ಲಿ, ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂಬ ಚರ್ಚಿದೆ. ಅಲ್ಲಿ ದಶಕಗಳಿಂದ ವಾರದ ನಡುವಿನ ದಿನಗಳಲ್ಲೇ, ಮಧ್ಯಾಹ್ನದ ಊಟದ ಹೊತ್ತಿಗೆ, ಶಾಸ್ತ್ರೀಯ ಸಂಗೀತದ ಕಚೇರಿಗಳು ನಡೆದು ಬಂದಿವೆ. ಆಫೀಸಿನವರು ಬುತ್ತಿಯ ಸಮಯ ಉಳಿಸಿಕೊಂಡು ಬಂದು ಕೂರುತ್ತಾರೆ, ಮನಸ್ಸು ಬಂದಷ್ಟು ಕಾಣಿಕೆ ಹಾಕಿ ಎದ್ದು ಹೋಗುತ್ತಾರೆ. ನ್ಯೂಯಾರ್ಕಿನ ಬ್ಯಾಂಕುಗಳ ಬೀದಿಯ ಟ್ರಿನಿಟಿ ಚರ್ಚಿಗೂ ಇದೇ ಚಟ. ತಮಗೆ ಬೇಸರವಾಗಬಹುದಾದ ಒಂದು ಸಂಗತಿ ಹೇಳಲೇಬೇಕು. ಆ ಚರ್ಚುಗಳಿಗೂ ಮೋಟಾರು ಬಂತು. ಪೈಪ್ ಆರ್ಗನ್ನಿಗೆ ಗಾಳಿ ಬೇಕು. ಮೊದಲು ಒಬ್ಬ ಆಳು ಹಿಂದುಗಡೆ ನಿಂತು ತಿದಿ ಒತ್ತಬೇಕಿತ್ತು. ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿರುವ 1881ರ ಆರ್ಗನ್ನೂ ಅದೇ ಜಾತಿಯದು. ಕರೆಂಟು ಬಂದ ಮೇಲೆ ಚರ್ಚಿನವರು ಮೋಟಾರನ್ನು ತಿದಿ ಒತ್ತುವವನ ಜಾಗಕ್ಕೆ ನೇಮಿಸಿದರು. ಆರ್ಗನ್ನಿನ ಮನೆಗಳ ಮೇಲೆ ಬೆರಳಾಡಿಸುವವನನ್ನು ಅಲ್ಲೇ ಬಿಟ್ಟರು, ಅವನಿಗೆ ಸಂಬಳವನ್ನೂ ಕೊಟ್ಟರು. ತಮ್ಮ ಬಂಧುಗಳಿಗೆ ಅಲ್ಲಿ ಬರೀ ಗಾಳಿ ತುಂಬುವ ಕೆಲಸ. ನಾವು ತಮ್ಮನ್ನು ನೇರವಾಗಿ ವಿದ್ವಾನ್ ಮಾಡಿದ್ದೇವೆ.

ಭಜಂತ್ರಿಯವರನ್ನು ತಾವೊಬ್ಬರೇ ಓಡಿಸಿದಿರಿ ಎಂದರೆ ಅನ್ಯಾಯವಾದೀತು. ಅವರ ಸೇವೆಗೆಂದು ಬಿಟ್ಟ ಹೊಲಕ್ಕೆ ಭಜಂತ್ರಿ ಮಾನ್ಯ ಎನ್ನುತ್ತಿದ್ದರು. ಊದಿದ್ದಕ್ಕೆ ಅದರ ಬೆಳೆಯೇ ಕೂಲಿ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆಯಿಂದ ಆದವಾನಿ ತಾಲೂಕು ಆಂಧ್ರಕ್ಕೆ ಹೋಯಿತು. ನಮ್ಮ ಅರ್ಜಿ, ಪಹಣಿ, ಪಾಠಪುಸ್ತಕಗಳ ಭಾಷೆ ಬದಲಾಯಿತು. ಸನಾದಿಗೆ ಮಾತ್ರ ಆ ತಾಪತ್ರಯ ಬರಲಿಲ್ಲ. ಆಮೇಲೆ ಆಂಧ್ರದ 1987ರ ದೇವಾದಾಯ ಕಾಯ್ದೆ ಗುಡಿಯ ಸೇವೆಗಳಲ್ಲಿ ವಂಶಪಾರಂಪರ್ಯದ ಹಕ್ಕನ್ನೇ ತೆಗೆಯಿತು, 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ತಪ್ಪೇನಿಲ್ಲ, ಸನಾದಿ ಹುಟ್ಟಿನಿಂದ ಬರಬೇಕಿಲ್ಲ, ಕಲಿತು ಬರಲಿ. ಹಕ್ಕು ಹೋದ ಜಾಗಕ್ಕೆ ಸಂಬಳ ಬರಬೇಕಿತ್ತಲ್ಲ? ಹುಂಡಿ ತುಂಬುವ ಗುಡಿಗೆ ಬಂತು. ಎಣ್ಣೆಬತ್ತಿಗೇ ತತ್ವಾರ ಇರುವ ಗುಡಿಗೆ ತಾವು ಬಂದಿರಿ.

ಬಂದವರು ಎಲ್ಲಿ ಕೂತಿರಿ ನೋಡಿ! ಎಷ್ಟೋ ತಲೆಮಾರು ಊದಿದ ಭಜಂತ್ರಿಯವರ ಜಾಗ ಗರುಡಗಂಬದ ಹತ್ತಿರ, ಬಿಸಿಲಿಗೆ. ತಾವು ಬಂದ ದಿನವೇ ಗರ್ಭಗುಡಿಯ ಬಾಗಿಲ ಪಕ್ಕ. ತಮ್ಮ ಕುಲ ಯಾವುದು, ಗೋತ್ರ ಯಾವುದು ಎಂದು ಯಾರೂ ಕೇಳಲಿಲ್ಲ. ತಮ್ಮ ಮೈಮೇಲೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು, ಅವರ ಅಪ್ಪನ ಹೆಸರು, ಅಂಗಡಿಯ ಹೆಸರು. ಒಬ್ಬ ಸನಾದಿಯವನಿಗೆ ಒಂದು ವರ್ಷದ ಕೂಲಿ ಕೊಡುವ ದಾನಿ ಯಾಕೆ ಸಿಗುವುದಿಲ್ಲ ಎಂದು ಬಹಳ ಯೋಚಿಸಿದೆ. ಅವನ ಮೈಮೇಲೆ ಹೆಸರು ಬರೆಸಲು ಬರುವುದಿಲ್ಲ.

ನಮಗೆ ಸಂಗೀತದ ಮೇಲೆ ಭಕ್ತಿಯಿಲ್ಲ ಎಂದು ಮಾತ್ರ ತಿಳಿಯಬೇಡಿ. ಪಕ್ಕದ ಮಂತ್ರಾಲಯದ ಗುರುರಾಯರು ವೀಣೆಯಲ್ಲಿ ನಿಪುಣರೆಂದು ಅವರ ಚರಿತ್ರೆ ಹೇಳುತ್ತದೆ; ಅದನ್ನು ನಾವು ಬಂದವರಿಗೆಲ್ಲ ಹೇಳುತ್ತೇವೆ. ವಿಜಯದಾಸರು 1755ರಲ್ಲಿ ದೇಹಬಿಟ್ಟದ್ದು ನಮ್ಮ ಜಿಲ್ಲೆಯ ಚಿಪ್ಪಗಿರಿಯಲ್ಲೇ. ಅವರ ಪದಗಳನ್ನು ಹೇಳುವ ಮುದುಕಿಯರು ಇನ್ನೂ ಇದ್ದಾರೆ. ಮಂಗಳಾರತಿಯ ಹೊತ್ತಿಗೆ ಬಾಯಿಯನ್ನೂ ತೆರೆಯುತ್ತಾರೆ. ತಮ್ಮ ಸದ್ದಿನಲ್ಲಿ ತುಟಿ ಆಡುವುದಷ್ಟೇ ಕಾಣುತ್ತದೆ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಬಂದಾಗ ರಾಜ್‌ಕುಮಾರರ ಕೈಯ ಸನಾದಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನರು. ಕನ್ನಡ ಬಲ್ಲವರೆಲ್ಲ ಟಿಕೆಟ್ಟು ಕೊಂಡು ಹೋಗಿ, ಊರೊಳಗೆ ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಕತ್ತಲೆಯಲ್ಲಿ ಕೂತು ಅತ್ತರು.

ತಮ್ಮನ್ನು ಕೆಲಸದಿಂದ ತೆಗೆಯಿರಿ ಎನ್ನುವಷ್ಟು ಕಲ್ಲೆದೆಯವನಲ್ಲ. ಒಂದು ವರ್ಗಾವಣೆಯನ್ನು ಒಪ್ಪಿಕೊಳ್ಳಿ. ಮೋಟಾರು ಗುಡಿಯ ಬಾವಿಗೆ ಹೋಗಲಿ, ಕಾಲು ತೊಳೆಯಲು ನೀರೆತ್ತಲಿ. ಗಂಟೆಗಳು ಮಕ್ಕಳ ಕೈಗೆ ಎಟುಕುವ ಹಾಗೆ ತೂಗಲಿ.

ಇನ್ನು ಈ ಪತ್ರವನ್ನು ಪಕ್ಕದಲ್ಲಿ ನಿಂತು ಓದುತ್ತಿರುವ ಗುಡಿ ಕಮಿಟಿಯ ಅಣ್ಣಂದಿರಿಗೆ ಒಂದು ಮಾತು. ವಾರಕ್ಕೆ ಒಂದು ದಿನ ಸ್ವಿಚ್ಚು ಮುಟ್ಟಬೇಡಿ. ಭಜಂತ್ರಿಯವರನ್ನು ಕರೆಸಿ, ಗರುಡಗಂಬದ ಹತ್ತಿರ ಅಲ್ಲ, ಒಳಗೆ ನೆರಳಲ್ಲಿ ಕೂರಿಸಿ, ಕೂಲಿಯನ್ನು ಮೊದಲೇ ಮಾತಾಡಿ ಕೈಗೆ ಕೊಡಿ. ದಾನಿಗಳ ಹೆಸರು ಬೇಕೇ ಬೇಕೆಂದರೆ ಗೋಡೆಯ ಮೇಲೆ ಬರೆಸೋಣ: ಇಂಥ ತಿಂಗಳ ಸನಾದಿ ಸೇವೆ, ಇಂಥವರಿಂದ. ಬಣ್ಣದ ಖರ್ಚು ನನ್ನದು.