ಬೀಗರ ಆ್ಯಕ್ಟಿವ್ ಚಾಯ್ಸ್

ರಿಟೈರ್ ಆಗಲು ಇನ್ನೆರಡು ವರ್ಷ ಇದೆ ಅನ್ನುವಾಗ ನಮ್ಮ ಗಂಡಸರಿಗೆ ಒಂದು ಥರದ ಜ್ವರ ಬರುತ್ತದೆ. ಕೆಲವರು ವಾಕಿಂಗ್ ಶೂ ಕೊಳ್ಳುತ್ತಾರೆ, ಕೆಲವರು ಹೋಮಿಯೋಪತಿ ಪುಸ್ತಕ ಹಿಡಿಯುತ್ತಾರೆ. ನಮ್ಮ ಬೀಗರು ಮಾತ್ರ, ಎನ್‌ಪಿಎಸ್ ಪಿಂಚಣಿಯ ದುಡ್ಡನ್ನು ಇನ್ನು ಮುಂದೆ ತಾವೇ ನೋಡಿಕೊಳ್ಳುವುದಾಗಿ ಘೋಷಿಸಿಬಿಟ್ಟರು. ಮಸಾಲೆದೋಸೆಯೋ ಸೆಟ್‌ದೋಸೆಯೋ ಅಂತ ತೀರ್ಮಾನಿಸಲಾಗದೆ ಮಾಣಿಯನ್ನು ಮೂರು ಸಲ ವಾಪಸ್ ಕಳಿಸುವ ಮನುಷ್ಯ! ಬೀಗರಾದ್ದರಿಂದ 'ಬೇಡಿ ಸ್ವಾಮಿ' ಅನ್ನುವ ಹಾಗೂ ಇಲ್ಲ. 'ಭೇಷ್' ಅಂದು ಕಾಫಿ ಹೀರಿದೆ.

ಪಿಎಫ್‌ನಲ್ಲಿ ಈ ತಲೆನೋವಿಲ್ಲ. ಅಲ್ಲಿ ನಮ್ಮನ್ನು ಕೇಳುವವರೇ ಇಲ್ಲ, 2024-25ಕ್ಕೆ ಶೇ. 8.25 ಬಡ್ಡಿ ಅಂದರು, ಸರಿ ಅಂದೆವು. ಎನ್‌ಪಿಎಸ್‌ನಲ್ಲಿ ಎರಡು ದಾರಿ. ಆಟೋ ಚಾಯ್ಸ್ ಆದರೆ ವಯಸ್ಸು ನೋಡಿ ಅದೇ ಹಂಚುತ್ತದೆ. ಆ್ಯಕ್ಟಿವ್ ಚಾಯ್ಸ್ ಆದರೆ ಷೇರಿಗೆಷ್ಟು, ಕಂಪನಿ ಸಾಲಪತ್ರಕ್ಕೆಷ್ಟು, ಸರ್ಕಾರಿ ಸಾಲಪತ್ರಕ್ಕೆಷ್ಟು ಅಂತ ನಾವು ಹೇಳಬೇಕು, ಷೇರಿಗೆ ಶೇ. 75ರ ತನಕ ಹೋಗಬಹುದು.

ಬೀಗರದು ಇಷ್ಟು ದಿನ ಆಟೋದ ಎಲ್‌ಸಿ 50. ಮೂವತ್ತೈದರವರೆಗೆ ಅರ್ಧ ಷೇರು, ಆಮೇಲೆ ವರ್ಷಕ್ಕೆ ಶೇ. 2ರಂತೆ ಇಳಿಸುತ್ತಾ ಐವತ್ತೈದಕ್ಕೆ ಶೇ. 10ಕ್ಕೆ ತಂದು ನಿಲ್ಲಿಸುತ್ತದೆ. ಇಳಿಸುವುದು ಯಾವತ್ತು ಗೊತ್ತೇ? ಖಾತೆದಾರರ ಹುಟ್ಟುಹಬ್ಬದ ದಿನ! ಮಕ್ಕಳು ವಿಶ್ ಮಾಡಲು ಮರೆತರೂ ಆ ಕಂಪ್ಯೂಟರ್ ಮರೆಯುವುದಿಲ್ಲ. ಇನ್ನೊಂದು ವರ್ಷ ವಯಸ್ಸಾಯಿತಲ್ಲಾ ಅಂತ ಷೇರು ಕಳೆದು ಸಾಲಪತ್ರ ಕೂಡಿಸಿಬಿಡುತ್ತದೆ. ಬೀಗರಿಗೆ ಉರಿದದ್ದು ಇಲ್ಲೇ. "ನನಗೆ ವಯಸ್ಸಾಯಿತು ಅನ್ನೋಕೆ ಅದ್ಯಾರ್ರೀ?" ಕೂದಲಿಗೆ ಬಣ್ಣ ಹಚ್ಚುವವರು ಕೇಳುವ ಪ್ರಶ್ನೆ; ಉತ್ತರಿಸುವುದು ಕ್ಷೇಮವಲ್ಲ.

ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ರಿಟೈರ್ ಆದಮೇಲೂ ಇಪ್ಪತ್ತು ಇಪ್ಪತ್ತೈದು ವರ್ಷ ಬದುಕಿರಬೇಕು, ಬೇಳೆ-ಎಣ್ಣೆಯ ಬೆಲೆ ನಮಗೋಸ್ಕರ ನಿಲ್ಲುವುದಿಲ್ಲ, ಶೇ. 10 ಷೇರು ಯಾವ ಮೂಲೆಗೆ? ಇದನ್ನೇ ನಲವತ್ತರಲ್ಲಿ ಹೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಆಗ ಎಡವಿದರೂ ಸಂಬಳ ಬರುತ್ತಿರುತ್ತದೆ, ಬಿದ್ದ ಬೆಲೆಗೆ ಇನ್ನಷ್ಟು ಕೊಳ್ಳಬಹುದು. ಐವತ್ತೆಂಟಕ್ಕೆ ಅಕ್ಷರಾಭ್ಯಾಸ ಶುರು ಮಾಡಿದರೆ ಫೀಸು ಜಾಸ್ತಿ.

ಎಷ್ಟು ಅಂತೀರಾ? 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000ದ ಆಸುಪಾಸಿನಲ್ಲಿತ್ತು. ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಉದುರಿ 26,000ದ ಕೆಳಗಿಳಿಯಿತು. ಸೂಚ್ಯಂಕದ ಲೆಕ್ಕವನ್ನೇ ಹಿಡಿದರೆ, 50 ಲಕ್ಷದಲ್ಲಿ ಶೇ. 75 ಷೇರಿಗೆ ಹಾಕಿದವನಿಗೆ 14 ಲಕ್ಷ ಖೋತಾ, ಶೇ. 10 ಇಟ್ಟವನಿಗೆ ಎರಡು ಲಕ್ಷವೂ ಇಲ್ಲ. "ನವೆಂಬರ್‌ಗೆಲ್ಲಾ ವಾಪಸ್ ಬಂತಲ್ಲ!" ಅಂದರು ಬೀಗರು. ಬಂತು, ನಿಜ. ಅಲ್ಲಿಯ ತನಕ ತೆಪ್ಪಗೆ ಕೂತವರಿಗೆ ಬಂತು. ಗ್ಯಾಸ್ ಸಿಲಿಂಡರ್ ಒಂದು ದಿನ ತಡವಾದರೆ ಏಜೆನ್ಸಿಯವರ ಪ್ರಾಣ ಹಿಂಡುವವರು ಎಂಟು ತಿಂಗಳು ತೆಪ್ಪಗೆ ಕೂರುತ್ತಾರೆಯೇ? ಆಟೋಗೆ ಮಹಾ ಬುದ್ಧಿಯೇನೂ ಇಲ್ಲ, ಆದರೆ ಪುಣ್ಯಕ್ಕೆ ಅದು ಟಿವಿ ನೋಡುವುದಿಲ್ಲ.

ಬೀಗರು ನೋಡುತ್ತಾರೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯುವಾಗ ಅವರು ಆಫೀಸಿನ ದಾರಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾರೆ. 'ಕರೆಕ್ಷನ್' ಅಂದರೆ ಆ ರಾತ್ರಿ ಊಟ ಸೇರುವುದಿಲ್ಲ, 'ರ‍್ಯಾಲಿ' ಅಂದರೆ ಬೀಗಿತ್ತಿಗೆ ಒಂದು ಮೊಳ ಮಲ್ಲಿಗೆ.

ಏಪ್ರಿಲ್‌ನಲ್ಲಿ ಆ್ಯಕ್ಟಿವ್‌ಗೆ ಬಂದವರು ಷೇರಿಗೆ ನೇರ 75 ಬರೆದರು. ಮಾರುಕಟ್ಟೆ ಸ್ವಲ್ಪ ಕೆಮ್ಮಿತು, 30ಕ್ಕೆ ಇಳಿಸಿದರು. ಏರಿತು, 60 ಮಾಡಿದರು. ಗಣೇಶನ ಹಬ್ಬಕ್ಕೆ 20. ಒಂದು ಹಣಕಾಸು ವರ್ಷದಲ್ಲಿ ಹಂಚಿಕೆ ಬದಲಿಸಲು ನಾಲ್ಕೇ ಸಲ ಅವಕಾಶ ಅನ್ನುವುದು ಐದನೆಯ ಸಲ ಒತ್ತಲು ಹೋದಾಗ ತಿಳಿಯಿತು. ಇನ್ನು ಮುಂದಿನ ಏಪ್ರಿಲ್ ತನಕ ದುಡ್ಡಿಗೆ ಕಡ್ಡಾಯ ರಜೆ.

ಈ ನಿಯಮ ಮಾಡಿದ ಪುಣ್ಯಾತ್ಮನ ವಿಳಾಸ ಸಿಕ್ಕರೆ ಒಂದು ಡಬ್ಬಿ ಮೈಸೂರುಪಾಕು ಕಳಿಸಬೇಕು ಅಂತ ಬೀಗಿತ್ತಿ ನನ್ನ ಹೆಂಡತಿಗೆ ಹೇಳಿದರಂತೆ. ವಿಳಾಸ ಬೀಗರಿಗೂ ಬೇಕಾಗಿದೆ. ಅವರದು ಮೂರು ಪುಟದ ಕಾಗದ.