ಬಾವಿಯ ಮಾನ

ನಮ್ಮ ದಕ್ಷಿಣ ಕನ್ನಡದಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ಸಾಲ ಕೇಳಬಹುದು, ಹೆಣ್ಣು ಕೇಳಬಹುದು, ಅಡಿಕೆ ಎಷ್ಟಕ್ಕೆ ಕೊಟ್ಟಿರಿ ಎಂದೂ ಕೇಳಬಹುದು. ‘ನಿಮ್ಮ ಬಾವಿ ನೀರು ಪರೀಕ್ಷೆ ಮಾಡಲಾ?’ ಎಂದು ಮಾತ್ರ ಕೇಳಬಾರದು. ಅಜ್ಜ ತೋಡಿಸಿ, ಅಪ್ಪ ಕಟ್ಟೆ ಕಟ್ಟಿಸಿದ ಬಾವಿಯ ಮೇಲೆ ಸಂಶಯಪಟ್ಟರೆ ಅದು ನೇರ ಕುಲಕ್ಕೇ ತಗಲುತ್ತದೆ. ಸ್ವೀಡನ್ನಿನಿಂದ ಬಂದ ಹುಡುಗಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದೂ ಅವಳಿಗೆ ದುಭಾಷಿಯಾಗಿ ಹೊರಟವ ನಾನು.

ಅಲ್ಲಿನ ಸರಕಾರದ ‘ಸೀಡಾ’ ಸಂಸ್ಥೆ ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಕನಿಷ್ಠ ಎಂಟು ವಾರ ನಮ್ಮಂಥ ದೇಶಗಳಲ್ಲಿ ಇದ್ದು ಅಧ್ಯಯನ ಮಾಡಿ ಬನ್ನಿ ಎಂದು ಕಳಿಸುತ್ತಿತ್ತು. ಹಾಗೆ ಬಂದವಳು ಇವಳು. ಕೈಯಲ್ಲಿ ಪಿಎಚ್ ಮೀಟರು, ಪುಟ್ಟ ಬಾಟ್ಲಿಗಳ ಪೆಟ್ಟಿಗೆ, ಅಳತೆ ಟೇಪು, ಪ್ರಶ್ನಾವಳಿ. ಹೊರಗೆ ಎಪ್ರಿಲಿನ ಬಿಸಿಲು.

ಮೂಡುಬಿದಿರೆಯಲ್ಲಿ ಸಿಕ್ಕಿದವರೆಲ್ಲ ಅವಳಿಗೆ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ದಾರಿ ತೋರಿಸುತ್ತಿದ್ದರು. ಅವಳು ಹುಡುಕುತ್ತಿದ್ದದ್ದು ಕಕ್ಕಸಿನ ಹೊಂಡ. ಬಾವಿಗೂ ಹೊಂಡಕ್ಕೂ ಎಷ್ಟು ದೂರ ಎಂಬುದು ಪ್ರಶ್ನಾವಳಿಯ ಮೊದಲ ಪುಟದಲ್ಲೇ ಇತ್ತು. ಒಬ್ಬ ಯಜಮಾನರು ಎಲೆ ಅಡಿಕೆ ತಟ್ಟೆ ಎಳೆದುಕೊಂಡು ನಿಧಾನವಾಗಿ ಹೇಳಿದರು: “ಬಾವಿ ನಮ್ಮ ಅಜ್ಜನ ಕಾಲದ್ದು, ಹೊಂಡ ನನ್ನ ಮಗನ ಕಾಲದ್ದು. ಎಪ್ಪತ್ತು ವರ್ಷ ದೂರ ಉಂಟು.” ಅವಳು ಟೇಪು ಹಿಡಿದು ಹಿತ್ತಿಲಿಗೆ ಹೋದಳು. ಅಂಗಳದಲ್ಲಿ ಪುರಸಭೆಯ ನಳ್ಳಿಯೂ ಇತ್ತು. ಅದರ ನೀರು ಮಲ್ಲಿಗೆ ಗಿಡಕ್ಕೆ. “ಅದಕ್ಕೆ ಮದ್ದಿನ ವಾಸನೆ, ಮನುಷ್ಯರು ಕುಡಿಯುವ ಹಾಗಿಲ್ಲ” ಎಂದರು ಮನೆಯಾಕೆ. ಕ್ಲೋರಿನ್ ಹಾಕಿದ ಒಂದೇ ತಪ್ಪಿಗೆ ಆ ನೀರು ಜಾತಿ ಕಳೆದುಕೊಂಡಿತ್ತು.

ಸೀಲು ಒಡೆಯದ ಬಾಟ್ಲಿಯ ನೀರು ಬಿಟ್ಟು ಬೇರೇನನ್ನೂ ಮುಟ್ಟಬಾರದೆಂದು ಅವಳಿಗೆ ಊರಲ್ಲಿ ಹೇಳಿ ಕಳಿಸಿದ್ದರಂತೆ. ನಮ್ಮ ಕಡೆ “ಆಸ್ರಿಗೆ ಎಂತ ಕೊಡುವ?” ಎಂಬ ಪ್ರಶ್ನೆಗೆ ‘ಬೇಡ’ ಎಂಬ ಉತ್ತರವೇ ಇಲ್ಲ. ಮೊದಲು ಬೆಲ್ಲ, ನೀರು, ಹಿಂದೆಯೇ ಮಜ್ಜಿಗೆ, ಹೊರಡುವಾಗ ಪುನರ್ಪುಳಿ ಶರಬತ್ತು. ಬಾಟ್ಲಿಗೆ ಸೇರುವ ಮೊದಲೇ ಪ್ರತಿಯೊಂದು ಬಾವಿಯೂ ಅವಳ ಹೊಟ್ಟೆ ಸೇರಿರುತ್ತಿತ್ತು.

ಬಂಟ್ವಾಳ ತಾಲೂಕಿನಲ್ಲಿ ಪ್ರಶ್ನಾವಳಿಯೇ ಸೋತಿತು. ನೀರಿನ ಮೂಲ ಯಾವುದು? ಬಾವಿ, ಕೊಳವೆಬಾವಿ, ನಳ್ಳಿ, ಇತರೆ. ಮಾಣಿಲದ ಆಚೀಚೆ ಹಲವು ಮನೆಗಳಿಗೆ ನೀರು ಇದ್ಯಾವುದರಿಂದಲೂ ಬರುವುದಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ, ಪಂಪಿನ ಹಂಗಿಲ್ಲದೆ, ತಾನಾಗಿ ಹರಿದು ಬರುತ್ತದೆ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನ ಕರೆದು ಮರ್ಯಾದೆ ಮಾಡಿದ ಸುರಂಗಕ್ಕೆ ಸ್ವೀಡನ್ನಿನ ಕಾಗದದಲ್ಲಿ ಸಿಕ್ಕಿದ್ದು ‘ಇತರೆ’ಯ ಮುಂದಿನ ಸಣ್ಣ ಚೌಕ.

ಬೆಳ್ತಂಗಡಿಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮುಂಚೂಣಿಗೆ ಹೆಸರಾದ ಜಿಲ್ಲೆ ನಮ್ಮದು. ಪರೀಕ್ಷೆ ಎಂದ ಮೇಲೆ ಬಾವಿಯನ್ನೂ ಬಿಡುವುದುಂಟೇ? “ನಮ್ಮದು ಎಷ್ಟು?” ಎಂದು ಕೇಳುವ ಮೊದಲು “ಪಕ್ಕದ ಮನೆಯದ್ದು ಎಷ್ಟು?” ಎಂದು ಕೇಳುತ್ತಿದ್ದರು. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಒಬ್ಬ ಅಜ್ಜರ ಬಾವಿಯಲ್ಲಿ ಮೀಟರು ಐದು ಮುಕ್ಕಾಲು ಎಂದಿತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಮಳೆನೀರು ಸಹಜವಾಗಿಯೇ ತುಸು ಹುಳಿ. ಆ ಹುಳಿ ಮುರಿಯಲು ನಮ್ಮ ಮುರಕಲ್ಲಿನಲ್ಲಿ ಸುಣ್ಣದಂಶ ಸಾಲದು ಎಂದು ವಿವರಿಸಿದೆ. ಅಜ್ಜರು ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು, “ಇಷ್ಟೇಯಾ? ಅದನ್ನು ನಾವು ಎಲೆಯಲ್ಲಿ ಹಾಕಿಕೊಳ್ಳುತ್ತೇವಲ್ಲ!” ಎಂದರು.

ನಿಜವಾದ ಪರೀಕ್ಷೆ ಪುಟ್ಟ ಬಾಟ್ಲಿಯದ್ದು. ಒಳಗೆ ಕಾಗದದ ಪಟ್ಟಿ ಇರುವ ಬಾಟ್ಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ಇದ್ದಲ್ಲಿ ನೀರು ಕಪ್ಪಾಗುತ್ತದೆ. ಇದನ್ನು 1982ರಲ್ಲಿ ರೂಪಿಸಿದ್ದು ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಂಜ ಮತ್ತು ಸಂಗಡಿಗರು. ನಮ್ಮದೇ ವಿದ್ಯೆ; ಆದರೆ ಬಾಟ್ಲಿ ಹಿಡಿದು ಬಂದವಳು ಬೆಳ್ಳಗಿದ್ದಳೆಂಬ ಕಾರಣಕ್ಕೆ ಜನ ಅದನ್ನು ನಂಬಿದರು. ಬಾಟ್ಲಿ ಬೆಚ್ಚಗಿಡಲು ಬಿಸಿ ಪೆಟ್ಟಿಗೆಯೂ ಬೇಕಾಗಲಿಲ್ಲ, ನಮ್ಮ ಎಪ್ರಿಲೇ ಸಾಕಾಯಿತು. ಬಾಟ್ಲಿಗಳ ಮೇಲೆ ಹೆಸರು ಬರೆದು ನಮ್ಮ ಚಾವಡಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಜನ!

ಅಜ್ಜರ ಬಾಟ್ಲಿ ಮಸಿಯಾಗಿತ್ತು. ಮುರಕಲ್ಲಿನ ಮೈಯೆಲ್ಲ ತೂತು; ಮೇಲಿನ ತಟ್ಟಿನ ಹೊಂಡದಲ್ಲಿ ಇದ್ದದ್ದು ಕೆಳಗಿನ ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಅಜ್ಜರು ಒಪ್ಪಲಿಲ್ಲ. “ಬಾಟ್ಲಿಯಲ್ಲೇ ಎಂತದೋ ಐಬು ಉಂಟು ಮಾರಾಯ್ರೆ” ಎಂದು ಮರುಮೌಲ್ಯಮಾಪನಕ್ಕೆ ಹಾಕಿದರು. ಎರಡನೆಯದೂ ಕಪ್ಪು. “ಕುದಿಸಿ ಕುಡಿಯಲು ಹೇಳಿ” ಎಂದಳು ಹುಡುಗಿ. ಹಾಗೆ ಹೇಳಿದರೆ ಅಜ್ಜರು ಹಟಕ್ಕೆ ಬಿದ್ದು ನಮ್ಮೆದುರೇ ಎರಡು ಚೆಂಬು ಹಸಿ ನೀರು ಕುಡಿಯುವವರು. ನಾನು ಹೇಳಿದೆ: “ಅಜ್ಜಾ, ನಿಮ್ಮ ನೀರಿಗೆ ಜೀರಿಗೆ ಹಾಕಿ ಚೆನ್ನಾಗಿ ಕೊತಕೊತ ಕುದಿಸಬೇಕಂತೆ. ಆಗ ಅದರ ಗುಣವೇ ಬೇರೆಯಂತೆ.”

ಅಜ್ಜರ ಮುಖ ಅರಳಿತು. ಅಂದಿನಿಂದ ಬಂದವರಿಗೆಲ್ಲ ಜೀರಿಗೆ ನೀರು ಕೊಟ್ಟು, “ಸ್ವೀಡನ್ನಿನವರೇ ಹೇಳಿದ್ದು, ಇಡೀ ತಾಲೂಕಿನಲ್ಲಿ ಜೀರಿಗೆ ಹಿಡಿಯುವ ನೀರು ನಮ್ಮದಂತೆ” ಎನ್ನುತ್ತಿದ್ದಾರೆ. ಈಗ ತಕರಾರು ಬಂದಿರುವುದು ಪಕ್ಕದ ಮನೆಯಿಂದ. ಅವರ ಬಾಟ್ಲಿ ಕಪ್ಪಾಗಿರಲಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕಿದವರು ನನ್ನ ಕೈ ಹಿಡಿದು ನಿಲ್ಲಿಸಿಯೇ ಬಿಟ್ಟರು: “ನಾವು ನಿಮಗೆ ಎಂತ ಕಡಿಮೆ ಮಾಡಿದ್ದೇವೆ? ನಮ್ಮ ಬಾವಿಗೆ ಯಾಕೆ ಜೀರಿಗೆ ಹೇಳಲಿಲ್ಲ?”