ಬಿರಡೆಬೀಗ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲ ಪುಟದಲ್ಲೇ ನಾಲ್ಕು ಸಂಗತಿ ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ: ಪೆಡಲ್ ಸ್ಟೀಲ್ ಗಿಟಾರಿಗೆ ಲಾಕಿಂಗ್ ಟ್ಯೂನರ್, ಅರ್ಥಾತ್ ಬೀಗವುಳ್ಳ ಬಿರಡೆ, ಕೂಡಿಸುವುದು. ಪ್ರಯೋಜನ: ಅವಸರವೇನು, ಕೊನೆಗೆ ನೋಡೋಣ. ಸಂಬಂಧ: ಮೇಲಿನ ಎರಡಕ್ಕೂ ಅದು ಇದೆಯೋ ಇಲ್ಲವೋ ಎಂಬುದೇ ಇಲ್ಲಿನ ವಾದ. ಅಧಿಕಾರಿ: ಎರಡು ಕೈ, ಎರಡು ಪಾದ, ಎರಡು ಮೊಣಕಾಲು ಏಕಕಾಲಕ್ಕೆ ಕೆಲಸದಲ್ಲಿರುವಾಗಲೂ ತನ್ನ ಕಿವಿಯ ಮೇಲೆ ತಾನೇ ಅನುಮಾನಪಡಬಲ್ಲವನು. ಸ್ಕ್ರೂಡ್ರೈವರ್ ಉಳ್ಳವನೆಲ್ಲ ಅಧಿಕಾರಿಯಲ್ಲ. ಇದನ್ನು ಗ್ರಂಥಕಾರ ತಡವಾಗಿ ಅರಿತ.

ಈಗ ವಾದ್ಯದ ಲಕ್ಷಣ. 'ತಂತಿಗಳುಳ್ಳದ್ದು, ನಾಲ್ಕು ಕಾಲುಳ್ಳದ್ದು, ಕೂತು ನುಡಿಸತಕ್ಕದ್ದು, ಅಡಿಯಲ್ಲಿ ಪೆಡಲ್ ಇರುವಂಥದ್ದು' ಎಂದರೆ ಸಾಲದು. ತಂತಿಯ ಬದಲು ದಾರವೆಂದರೆ ಹೊಲಿಗೆ ಯಂತ್ರದಲ್ಲಿ ಅತಿವ್ಯಾಪ್ತಿ, ಅಂದರೆ ಲಕ್ಷಣ ಬೇಡದ್ದಕ್ಕೂ ಅಂಟಿಕೊಳ್ಳುವ ದೋಷ. 'ಗಿಟಾರ್' ಎಂದರೂ ದೋಷವೇ. ಇದನ್ನು ಕೊರಳಿಗೆ ತೂಗುಹಾಕಲಾಗದು, ಮೆಟ್ಟಿಲುಗಳ ಜಾಗದಲ್ಲಿ ಇರುವುದು ಬರೀ ಗೆರೆ, ಎಡಗೈಯ ಬೆರಳು ತಂತಿಯನ್ನು ಒತ್ತುವುದೇ ಇಲ್ಲ, ಉಕ್ಕಿನ ದುಂಡುಕಡ್ಡಿಯೊಂದು ಅದರ ಮೇಲೆ ಜಾರುತ್ತದೆ. ಆದ್ದರಿಂದ ಪರಿಷ್ಕೃತ ಲಕ್ಷಣ ಹೀಗೆ: ಯಾವುದರ ಮುಂದೆ ಕೂತವನು ನುಡಿಸುವುದಕ್ಕಿಂತ ಹೆಚ್ಚು ಹೊತ್ತು ಶ್ರುತಿ ಮಾಡುತ್ತಾನೋ ಅದು ಪೆಡಲ್ ಸ್ಟೀಲ್ ಗಿಟಾರ್. ತಂಬೂರಿಯಲ್ಲಿ ಅತಿವ್ಯಾಪ್ತಿ ಬಂತಲ್ಲ ಎಂದರೆ, ಬಂತು. ಆದರೆ ತಂಬೂರಿಗೆ ಕಾಲಿಲ್ಲ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಬಿರಡೆಯ ಪ್ರಸ್ತಾಪ ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಎಂಬ ಹುಡುಗ ತಂತಿಯ ಮೇಲೆ ಲೋಹದ ತುಂಡು ಜಾರಿಸಿದ. ಕೀರ್ತಿ ಅವನಿಗೇ ಸಂದಿದೆ. ಅವನಿಗೂ ಮುಂಚೆ ಗೇಬ್ರಿಯಲ್ ಡೇವಿಯನ್ ಎಂಬ ಭಾರತೀಯನೊಬ್ಬ ಹವಾಯಿಯಲ್ಲಿ ಹಾಗೆ ನುಡಿಸಿದ್ದನೆಂಬ ಮಾತೂ ಇದೆ. ಎಲ್ಲವೂ ನಮ್ಮಲ್ಲೇ ಮೊದಲು ಹುಟ್ಟಿದ್ದು ಎನ್ನುವ ಬಂಧುಗಳು ಈ ವಾಕ್ಯವನ್ನು ಕತ್ತರಿಸಿಟ್ಟುಕೊಳ್ಳಬಹುದು; ಅದು ಬರೀ ಹೇಳಿಕೆ ಎಂಬ ಭಾಗವನ್ನೂ ಸೇರಿಸಿ ಕತ್ತರಿಸಲಿ. 1915ರ ಸ್ಯಾನ್ ಫ್ರಾನ್ಸಿಸ್ಕೋ ಮಹಾಪ್ರದರ್ಶನ ಅಮೆರಿಕಕ್ಕೆಲ್ಲ ಹವಾಯಿಯ ಹುಚ್ಚು ಹಿಡಿಸಿತು. 1930ರ ದಶಕದ ಆರಂಭದಲ್ಲಿ ಹವಾಯಿ ಗಿಟಾರಿಗೆ ವಿದ್ಯುತ್ ಬಂತು. ಆ ಮೊದಲ ವಾದ್ಯಕ್ಕೆ ಜನರಿಟ್ಟ ಹೆಸರು 'ಬಾಣಲೆ'. ಆಮೇಲೆ ಯಾರೋ ಪೆಡಲ್ ಕಟ್ಟಿದರು. 1954ರಲ್ಲಿ ಜನರ ಬಾಯಲ್ಲಿದ್ದ ವೆಬ್ ಪಿಯರ್ಸ್‌ನ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್, ತಂತಿ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ತುಳಿದ. ಒಂದು ಸ್ವರ ನಿಂತಲ್ಲೇ ನಿಂತಿದೆ, ಪಕ್ಕದ್ದು ಅದರ ತೋಳಿನಿಂದ ನುಣುಚಿಕೊಂಡು ಮೇಲೇರುತ್ತಿದೆ. ನ್ಯಾಶ್‌ವಿಲ್‌ನ ಎಷ್ಟೋ ಸ್ಟೀಲ್ ವಾದಕರು ಅದನ್ನು ಕೇಳಿದ ಮೇಲೆ ಹಳೆಯ ವಾದ್ಯಕ್ಕೆ ಮರಳಲಿಲ್ಲ. ಷಾಟ್ ಜಾಕ್ಸನ್ ಮತ್ತು ಬಡ್ಡಿ ಎಮ್ಮನ್ಸ್ ಸೇರಿ ತಮ್ಮಿಬ್ಬರ ಹೆಸರು ಕೂಡಿಸಿ 'ಷೋ-ಬಡ್' ಎಂದು ವಾದ್ಯ ಕಟ್ಟತೊಡಗಿದರು. ಕನ್ನಡಿಗರಿಗೆ ಇದು ಲೋಪಸಂಧಿಯೋ ಸಮಾಸವೋ ಎಂಬ ಜಿಜ್ಞಾಸೆ ಏಳಬಹುದು, ಏಳಲಿ.

ಹೀಗೆ ಬಂದ ಇ9 ಎಂಬ ನ್ಯಾಶ್‌ವಿಲ್ ಶ್ರುತಿಯಲ್ಲಿ ಹತ್ತು ತಂತಿ. ಮೊದಲನೆಯದು ಎಲ್ಲಕ್ಕಿಂತ ಎತ್ತರದ ಸ್ವರ ಎಂದು ಭಾವಿಸಿದರೆ ತಪ್ಪು. ಎತ್ತರದ್ದು ಮೂರನೆಯದು, ಜಿ ಷಾರ್ಪ್. ಮನೆಯಲ್ಲಿ ಹಿರಿಯರಿಬ್ಬರು ಸುಮ್ಮನಿದ್ದು ಮೂರನೆಯವನು ಕಿರುಚುವ ವ್ಯವಸ್ಥೆ. ಅದರ ದಪ್ಪ 0.011 ಇಂಚು. ಸುಮಾರು 24 ಇಂಚು ಉದ್ದಕ್ಕೆ ಅದನ್ನು ಆ ಸ್ವರಕ್ಕೆ ಎಳೆದರೆ ಅದರ ಮೇಲೆ ಬೀಳುವ ಎಳೆತ, ನನ್ನ ಲೆಕ್ಕದಲ್ಲಿ, 13 ಕೆಜಿಯ ಆಸುಪಾಸು. ಬಿ ಪೆಡಲ್ ತುಳಿದು ಅದನ್ನು ಅರ್ಧ ಸ್ವರ ಏರಿಸಿದಾಗ 14 ದಾಟುತ್ತದೆ. ಆ ಎಳೆ ತಡೆಯುವುದು ಅದಕ್ಕಿಂತ ಬಹಳ ಹೆಚ್ಚೇನಲ್ಲ. ಒಂದು ಹಾಡಿನಲ್ಲಿ ಎಷ್ಟು ಸಲ ತುಳಿಯುತ್ತೀರಿ, ನೀವೇ ಎಣಿಸಿ. ಕೂದಲೆಳೆಗೆ ಅಕ್ಕಿಮೂಟೆ ಕಟ್ಟಿ ಜೋಕಾಲಿ ಆಡಿದ ಹಾಗೆ. ಪ್ರಪಂಚದ ಸ್ಟೀಲ್ ವಾದಕರಿಗೆಲ್ಲ ಪರಿಚಿತವಾದ 'ಟಣ್' ಎಂಬ ಸದ್ದು ಈ ತಂತಿಯದೇ.

ಇನ್ನು ಪೂರ್ವಪಕ್ಷ. ಬೀಗವಾದಿಗಳು ಹೇಳುವುದು ಹೀಗೆ: ಸಾಮಾನ್ಯ ಬಿರಡೆಯ ಕಂಬಕ್ಕೆ ತಂತಿಯನ್ನು ಮೂರು ನಾಲ್ಕು ಸುತ್ತು ಸುತ್ತುತ್ತೀರಿ. ಪ್ರತಿ ಸುತ್ತೂ ಒಂದೊಂದು ಸಡಿಲ. ಪೆಡಲ್ ಎಳೆದಾಗ ಸುತ್ತು ಬಿಗಿಯುತ್ತದೆ, ಬಿಟ್ಟಾಗ ಹಳೆಯ ಜಾಗಕ್ಕೆ ಪೂರ್ತಿ ಬರುವುದಿಲ್ಲ. ಬೀಗದ ಬಿರಡೆಯಲ್ಲಾದರೋ, ತಂತಿಯನ್ನು ಕಂಬದ ರಂಧ್ರದಲ್ಲಿ ತೂರಿಸಿ, ಕೆಳಗಿನ ಚಕ್ರ ತಿರುಗಿಸಿದರೆ ಒಳಗಿನ ಮೊಳೆ ಮೇಲೆದ್ದು ತಂತಿಯನ್ನು ಕಚ್ಚುತ್ತದೆ. ಅರ್ಧ ಸುತ್ತಿನಲ್ಲಿ ಶ್ರುತಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಪರ್ಜೆಲ್ ಕಂಪನಿ 1980ರ ದಶಕದಲ್ಲಿ ಇಂಥದ್ದನ್ನು ಚಲಾವಣೆಗೆ ತಂದಾಗ, ಸನ್ನೆಕಡ್ಡಿ ಅಲುಗಿಸಿ ತಂತಿಯನ್ನು ನಡುಗಿಸುವ ರಾಕ್ ಗಿಟಾರಿನವರು ಬದುಕಿದೆವು ಎಂದರು. ಅವರಿಗೆ ಒಂದು ಕಡ್ಡಿ. ನಮಗೆ ಮೂರು ಪೆಡಲ್, ನಾಲ್ಕೈದು ಮೊಣಕಾಲ ಸನ್ನೆ. ಅವರಿಗೇ ಬೇಕಾದರೆ ನಮಗೆ ಬೇಡವೆ?

ವಾದ ಚೆನ್ನಾಗಿದೆ. ನಾನೂ ಇದಕ್ಕೇ ಮರುಳಾದದ್ದು.

ಸುತ್ತುವಾದಿಗಳ ಉತ್ತರಕ್ಕೆ ಮುಂಚೆ ಗಣಿತವನ್ನು ಕೇಳಿ. ಬೀಗದ ಬಿರಡೆಗಳು ಸಾಮಾನ್ಯವಾಗಿ ಆರಾರರ ಕಟ್ಟಿನಲ್ಲಿ ಬರುತ್ತವೆ, ಏಕೆಂದರೆ ಲೋಕದ ಗಿಟಾರಿಗೆ ಆರು ತಂತಿ. ನಮಗೆ ಬೇಕಾದ್ದು ಹತ್ತು: ಎಡಕ್ಕೆ ಐದು, ಬಲಕ್ಕೆ ಐದು. ಒಂದೇ ಪಕ್ಕದ ಆರು ತಂದವನು ಕೆಟ್ಟ. ಮೂರು ಮೂರರ ಎರಡು ಕಟ್ಟು ತಂದವನಿಗೆ ಎಡದ್ದೊಂದು, ಬಲದ್ದೊಂದು ಉಳಿಯುತ್ತದೆ. ಎರಡು ಕತ್ತಿನ, ಇಪ್ಪತ್ತು ತಂತಿಯ ವಾದ್ಯವಾದರೆ ನಾಲ್ಕು ಕಟ್ಟು, ಶೇಷ ನಾಲ್ಕು. ಪ್ರಧಾನಕ್ಕೆ ಉಪಕಾರಕವಾದದ್ದು ಶೇಷ ಎಂದು ಮೀಮಾಂಸಕರ ಮತ. ನನ್ನ ಮನೆಯ ಶೇಷ ಮೇಜಿನ ಖಾನೆಯಲ್ಲಿದೆ. ಈವರೆಗೆ ಯಾವ ಪ್ರಧಾನಕ್ಕೂ ಉಪಕರಿಸಿಲ್ಲ.

ಪ್ರಯೋಗಕಾಂಡ. ಹಳೆಯ ಬಿರಡೆ ಬಿಚ್ಚಿದೆ. ಹೊಸದರ ಕಂಬ ದಪ್ಪ, ರಂಧ್ರ ಚಿಕ್ಕದು. ತಿರುಪಿನ ತೂತುಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿವೆ. ಮರದ ಗಿಟಾರಾದರೆ ಹಳೆಯ ತೂತಿಗೆ ಹಲ್ಲುಕಡ್ಡಿ, ಗೋಂದು ತುಂಬಿ ಹೊಸದಾಗಿ ಕೊರೆಯಬಹುದು. ಇಲ್ಲಿ ಬಿರಡೆಗಳು ಕೂರುವ ತಲೆ ಅಲ್ಯೂಮಿನಿಯಂ. ಅದಕ್ಕೆ ಹಲ್ಲುಕಡ್ಡಿ ಹಾಕಿದವನನ್ನು ಕಂಡು ವಾದ್ಯವೇ ನಗುತ್ತದೆ. ಕೊರೆದೆ. ಆಮೇಲೆ ಗೊತ್ತಾಯಿತು: ಬೀಗದ ಚಕ್ರ ಬಿರಡೆಯ ಬೆನ್ನಿನಲ್ಲಿ. ಕೊರಳಿಗೆ ಹಾಕುವ ಗಿಟಾರಿನಲ್ಲಿ ಬೆನ್ನು ಗಾಳಿಗೆ ತೆರೆದಿದೆ. ನನ್ನ ವಾದ್ಯದಲ್ಲಿ ಆ ಬೆನ್ನು ಪೆಟ್ಟಿಗೆಯ ಕಡೆಗೆ. ನಡುವೆ ಬೆರಳು ಹೋಗುತ್ತದೆ, ತಿರುಗುವುದಿಲ್ಲ. ತಿರುಗಿಸಹೋದಾಗ ಒಂದು ಚಕ್ರ ಕಳಚಿ, ಕೆಳಗಿನ ಸರಳು, ಸನ್ನೆ, ಸ್ಪ್ರಿಂಗುಗಳ ಕಾಡಿನಲ್ಲಿ ಬಿತ್ತು. ಇನ್ನೂ ಸಿಕ್ಕಿಲ್ಲ. ಬಿ ಪೆಡಲ್ ತುಳಿದಾಗ ಮಾತ್ರ ತಾನಿದ್ದೇನೆಂದು ತಿಳಿಸುತ್ತದೆ. ಕೊಳ್ಳುವ ಮುಂಚೆ ಅಳೆದು ನೋಡಬೇಕಿತ್ತು. ಇದಕ್ಕೆ ಪ್ರಾಯಶ್ಚಿತ್ತವನ್ನು ಶಾಸ್ತ್ರ ಹೇಳಿಲ್ಲ.

ಈಗ ಸಿದ್ಧಾಂತ. ಶ್ರುತಿ ಕೆಡುವುದಕ್ಕೆ ಕಾರಣ ಬಿರಡೆಯ ಸುತ್ತೇ ಎಂಬುದು ಮೊದಲಿಗೆ ಅಸಿದ್ಧ. ಪೆಡಲ್ ತುಳಿದಾಗ ಪೆಟ್ಟಿಗೆ ಕೂದಲೆಳೆಯಷ್ಟು ಬಾಗುತ್ತದೆ. ಎಳೆಯದೆ ಬಿಟ್ಟ ತಂತಿಗಳೂ ಆಗ ಇಳಿಯುತ್ತವೆ. ವಾದಕರು ಇದನ್ನು ಕ್ಯಾಬಿನೆಟ್ ಡ್ರಾಪ್ ಎನ್ನುತ್ತಾರೆ. ಇದಕ್ಕೆ ಯಾವ ಬೀಗವೂ ಇಲ್ಲ. ವೇದಿಕೆಯ ದೀಪ ಬಿಸಿಯಾದರೆ ತಂತಿ ಹಿಗ್ಗುತ್ತದೆ. ಕತ್ತಿನ ಕೊನೆಯ ಉರುಳೆ ಜಿಡ್ಡು ಹಿಡಿದರೆ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟರ ಮೇಲೆ, ಬಿರಡೆ ಆಳುವುದು ಬಿಟ್ಟ ತಂತಿಯ ಸ್ವರವನ್ನಷ್ಟೆ. ಪೆಡಲ್ ಎಳೆದಾಗ ಬರುವ ಸ್ವರದ ಶ್ರುತಿ ಇರುವುದು ಬಲತುದಿಯಲ್ಲಿ, ನೈಲಾನಿನ ಪುಟ್ಟ ನಟ್ಟುಗಳಲ್ಲಿ, ಷಟ್ಕೋನದ ಕೀಲಿಯ ಅಧೀನದಲ್ಲಿ. ರಾಜ್ಯದ ಅರ್ಧ ಇನ್ನೊಬ್ಬನ ಕೈಯಲ್ಲಿರುವಾಗ ಈ ಅರ್ಧಕ್ಕೆ ಕೋಟೆ ಕಟ್ಟಿದ್ದಾಯಿತು.

ಎಲ್ಲವೂ ಸರಿಯಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ಶ್ರುತಿ ಯಾವುದು? ಶ್ರುತಿ ತೋರಿಸುವ ಯಂತ್ರದ ಸೂಜಿ ನಡುವಿಗೆ ನಿಂತಾಗ ಜಿ ಷಾರ್ಪ್ ಇ ಸ್ವರದ ಪಕ್ಕದಲ್ಲಿ ಕಿವಿಗೆ ಚುಚ್ಚುತ್ತದೆ. ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಕೇಳುವ ಗಾಂಧಾರವಿದೆಯಲ್ಲ, ಆ ಇಂಪು ಬೇಕಾದರೆ ಸೂಜಿಗಿಂತ ಸುಮಾರು 14 ಸೆಂಟ್, ಅಂದರೆ ಅರ್ಧ ಸ್ವರದ ನೂರರಲ್ಲಿ 14 ಪಾಲು, ಕೆಳಗಿಡಬೇಕು. ಅದೇ ತಂತಿ ಇನ್ನೊಂದು ಸ್ವರಮೇಳದಲ್ಲಿ ಪಂಚಮವಾಗಬೇಕಾಗಿ ಬಂದಾಗ ಆ 14 ಸೆಂಟ್ ಸಾಲದ ಹಾಗೆ ಎದುರು ನಿಲ್ಲುತ್ತದೆ. ವಾದಕ ಉಕ್ಕಿನ ಕಡ್ಡಿಯನ್ನು ಸದಾ ನಡುಗಿಸುತ್ತಿರುವುದು ಭಾವಕ್ಕಾಗಿ ಎಂದು ಕೇಳುಗರು ನಂಬಿದ್ದಾರೆ. ನಂಬಿಕೊಂಡಿರಲಿ.

ನಮ್ಮ ವೀಣೆಯವರು ಬಿರಡೆ ಜಾರಿದರೆ ಸೀಮೆಸುಣ್ಣ ಉಜ್ಜಿ ಒತ್ತುತ್ತಾರೆ. ಕಾರಣ ಜಾರಿದ್ದು ಬಿರಡೆಯೇ ಎಂದು ಅವರಿಗೆ ಗೊತ್ತು. ಪೆಡಲ್ ಸ್ಟೀಲಿನಲ್ಲಿ ಗೇರುಳ್ಳ ಬಿರಡೆ ಜಾರುವುದು ಅಪರೂಪ. ಆ ಮೂರನೆಯ ತಂತಿ ಕಿತ್ತುಹೋಗುವುದಾದರೂ ಎಲ್ಲಿ? ಹೆಚ್ಚಾಗಿ ಬಲತುದಿಯಲ್ಲಿ, ಚೇಂಜರ್ ಎಂಬ ಲೋಹದ ಬೆರಳ ಮೇಲೆ ಅದು ಬಾಗುವ ಜಾಗದಲ್ಲಿ, ದಣಿದು. ಕಳ್ಳ ಹಿತ್ತಿಲಿಂದ ಹೋಗುತ್ತಾನೆ, ನಾನು ತಲೆಬಾಗಿಲಿಗೆ ಹತ್ತು ಬೀಗ ಹಾಕಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದವರಾದರೂ ಸರಿಯಾದ ಬಾಗಿಲನ್ನು ಹಾಕಿದ್ದರು.

ಹಾಗಾದರೆ ಬೀಗ ವ್ಯರ್ಥವೇ? ಅಲ್ಲ, ಇಲ್ಲಿ ಪೂರ್ವಪಕ್ಷಿಗೆ ಅರ್ಧ ಗೆಲುವು ಕೊಡಲೇಬೇಕು. ಹಾಡಿನ ನಡುವೆ ತಂತಿ ಕಿತ್ತಾಗ ಸುತ್ತು ಸುತ್ತುವ ತಾಪತ್ರಯವಿಲ್ಲ: ತೂರಿಸು, ಕಚ್ಚಿಸು, ತಿರುಗಿಸು. ಗಾಯಕ ಎರಡನೆಯ ಚರಣ ಮುಗಿಸುವಷ್ಟರಲ್ಲಿ ತಂತಿ ಹಾಜರು. ಬೀಗದ ನಿಜವಾದ ಗುಣ ಶ್ರುತಿಯಲ್ಲಿಲ್ಲ, ವೇಗದಲ್ಲಿದೆ.

ಕೊನೆಗೆ ಫಲಶ್ರುತಿ. ಮಿಕ್ಕ ಗ್ರಂಥಗಳಲ್ಲಿ ಅದು ಒಂದೇ ಪದ. ಇಲ್ಲಿ ಫಲ ಬೇರೆ, ಶ್ರುತಿ ಬೇರೆ. ಬೀಗದ ಬಿರಡೆ ಬೇಕಾದ್ದು ಒಂದೇ ತಂತಿಗೆ, ಮೂರನೆಯದಕ್ಕೆ. ಚಕ್ರ ತಿರುಗಿಸಲು ಕೆಳಗೆ ಬೆರಳಿಗೆ ಜಾಗವಿದೆಯೇ ಎಂದು ಮೊದಲು ನೋಡಿ, ಆಮೇಲೆ ಕೊರೆಯಿರಿ. ಉಳಿದ ಒಂಬತ್ತರ ದುಡ್ಡಿಗೆ 0.011ರ ಬಿಡಿ ತಂತಿಗಳನ್ನು ತಂದಿಟ್ಟುಕೊಳ್ಳಿ. ಎಡದ್ದೊಂದು, ಬಲದ್ದೊಂದು ಬೀಗದ ಬಿರಡೆ ನನ್ನ ಮೇಜಿನ ಖಾನೆಯಲ್ಲಿವೆ, ಬೇಕಾದವರು ಒಯ್ಯಬಹುದು. ಒಂದು ಚಕ್ರ ಕಡಿಮೆ ಬಿದ್ದೀತು.